ಪುಸ್ತಕಗಳೆಲ್ಲ ಬಂದವು, ಟಿಪ್ಪಣಿಗಳು ಎಲ್ಲಿ? ಬೈಬಲ್ ಅಧ್ಯಯನ ತಂತ್ರಾಂಶದ ಬ್ಯಾಕಪ್ ಕೈಕೊಟ್ಟಾಗ

ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಸಭೆಯ ಅಯ್ಯನವರ ಫೋನ್ ಬಂತು. "ನೋಡಮ್ಮ, ಹೊಸ ಲ್ಯಾಪ್‌ಟಾಪಿಗೆ ಎಲ್ಲ ಹಾಕಿದ್ದೀನಿ. ಬೈಬಲ್ ತೆರೆಯುತ್ತೆ, ವ್ಯಾಖ್ಯಾನಗಳೂ ಇವೆ. ನಾನು ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ. ನಾಳೆ ಪ್ರಸಂಗ ಬೇರೆ ಇದೆ."

ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಅವರು ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳು ಅವು. "ಅಯ್ಯನವರೇ, ಈಗ ಏನನ್ನೂ ಒತ್ತಬೇಡಿ. ಪ್ರೋಗ್ರಾಂ ಮುಚ್ಚಿ, ವೈಫೈ ಆಫ್ ಮಾಡಿ. ನಾನು ಬರ್ತೀನಿ" ಅಂದೆ.

ಟಿಪ್ಪಣಿಗಳು ಸಿಕ್ಕವು. ಎಲ್ಲಿ ಸಿಕ್ಕವು ಅನ್ನೋದನ್ನು ಮುಂದೆ ಹೇಳುತ್ತೇನೆ. ಇಂಥ ಕೆಲಸಕ್ಕೆ ಕೂತಾಗ ನಾನು ಯಾವ ಕ್ರಮದಲ್ಲಿ ಹುಡುಕುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇ-ಸೋರ್ಡ್, ಲೋಗೋಸ್, ಬೈಬಲ್‌ಟೈಮ್, ಆ್ಯಂಡ್‌ಬೈಬಲ್ ಹೀಗೆ ನೀವು ಬಳಸುವುದು ಯಾವುದೇ ಇರಲಿ, ಹುಡುಕುವ ದಾರಿ ಹೆಚ್ಚುಕಮ್ಮಿ ಒಂದೇ.

ಮೊದಲು ಕೈ ಕಟ್ಟಿಕೊಳ್ಳಿ

ಟಿಪ್ಪಣಿ ಕಾಣಲಿಲ್ಲ ಅಂದ ಕೂಡಲೇ ಜನ ಮಾಡುವುದು ಎರಡು ಕೆಲಸ. ಪ್ರೋಗ್ರಾಂ ತೆಗೆದು ಮತ್ತೆ ಹಾಕುತ್ತಾರೆ. ಇಲ್ಲವೇ ಹಳೆ ಬ್ಯಾಕಪ್ ಹುಡುಕಿ ರಿಸ್ಟೋರ್ ಒತ್ತುತ್ತಾರೆ. ಎರಡೂ ಅಪಾಯ. ಫೋನಿನಲ್ಲಿ ಆ್ಯಪ್ ತೆಗೆದರೆ ಅದರ ಒಳಗಿದ್ದ ಡೇಟಾ ಕೂಡ ಅದರ ಜೊತೆಗೇ ಅಳಿಸಿ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಕ್ಲಿಯರ್ ಕ್ಯಾಶ್' ಒತ್ತಿದರೆ ತೊಂದರೆ ಇಲ್ಲ, ಅದರ ಪಕ್ಕದ 'ಕ್ಲಿಯರ್ ಡೇಟಾ' ಒತ್ತಿದರೆ ಬರೆದದ್ದೆಲ್ಲ ಹೋಯಿತು. ರಿಸ್ಟೋರ್ ಕೂಡ ಹಾಗೇ. ಎಷ್ಟೋ ಪ್ರೋಗ್ರಾಂಗಳಲ್ಲಿ ಅದು ಈಗಿರುವುದರ ಜೊತೆ ಸೇರಿಸುವುದಿಲ್ಲ, ಈಗಿರುವುದನ್ನು ಅಳಿಸಿ ಹಳೆಯದನ್ನು ಕೂರಿಸುತ್ತದೆ. ಕಳೆದ ತಿಂಗಳು ಬರೆದದ್ದು ಹೋಗುವುದು ಹೀಗೆ.

ವೈಫೈ ಆಫ್ ಮಾಡಲು ಹೇಳಿದ್ದೂ ಅದಕ್ಕೇ. ಖಾಲಿಯಾಗಿ ಕಾಣುವ ಪ್ರೋಗ್ರಾಂ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನ ಸಂಗ್ರಹಕ್ಕೆ, ಸಂಪರ್ಕಗೊಂಡಿದ್ದರೆ, ಆ ಖಾಲಿ ಸ್ಥಿತಿಯೇ ಮೇಲೆ ಹೋಗಿ ಕೂರುವ ಸಾಧ್ಯತೆ ಇದೆ. ಹಳೆ ಕಂಪ್ಯೂಟರ್ ಇನ್ನೂ ಕೈಯಲ್ಲಿದ್ದರೆ ದಯವಿಟ್ಟು ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ಕನಿಷ್ಠ ಒಂದು ತಿಂಗಳು ಹಾಗೇ ಇರಲಿ.

ಕಳೆದದ್ದು ಮೂರರಲ್ಲಿ ಯಾವುದು?

ಬೈಬಲ್ ತಂತ್ರಾಂಶದಲ್ಲಿ ನಮ್ಮದು ಎನ್ನುವಂಥದ್ದು ಮೂರು ಇರುತ್ತದೆ. ಪುಸ್ತಕಗಳು, ಬರಹ, ಜೋಡಣೆ.

ಪುಸ್ತಕ ಅಂದರೆ ಸತ್ಯವೇದದ ಅನುವಾದಗಳು, ವ್ಯಾಖ್ಯಾನ, ನಿಘಂಟು, ಭೂಪಟ. ಇವು ಹೋದರೂ ಬಹುಪಾಲು ಮತ್ತೆ ಇಳಿಸಿಕೊಳ್ಳಬಹುದು. ಬರಹ ಅಂದರೆ ಟಿಪ್ಪಣಿ, ಪ್ರಸಂಗದ ಕರಡು, ಬಣ್ಣ ಹಚ್ಚಿದ ವಚನಗಳು, ಬುಕ್‌ಮಾರ್ಕ್, ಪ್ರಾರ್ಥನೆಯ ಪಟ್ಟಿ. ಇದು ಹೋದರೆ ಮತ್ತೆ ಬರುವುದಿಲ್ಲ. ಜೋಡಣೆ ಅಂದರೆ ಯಾವ ಪುಸ್ತಕ ಯಾವ ಗುಂಪಿನಲ್ಲಿ, ಯಾವುದು ಮೊದಲು, ಯಾವ ಕಿಟಕಿ ಎಲ್ಲಿ, ಯಾವ ಬಣ್ಣಕ್ಕೆ ಏನು ಅರ್ಥ, ಅಕ್ಷರ ಎಷ್ಟು ದೊಡ್ಡದು ಎಂಬುದೆಲ್ಲ.

ದೋಷದ ಮೂಲ ಇರುವುದೇ ಇಲ್ಲಿ. ಈ ಮೂರೂ ಒಂದೇ ತೆರೆಯ ಮೇಲೆ ಕಾಣುತ್ತವೆ, ಆದರೆ ಡಿಸ್ಕಿನಲ್ಲಿ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. 'ಬ್ಯಾಕಪ್' ಎಂಬ ಗುಂಡಿ ಒತ್ತಿದರೆ ಮೂರೂ ಬಂದವು ಎಂದು ನಾವು ನಂಬುತ್ತೇವೆ. ಆ ಗುಂಡಿ ಕೆಲವೊಮ್ಮೆ ಒಂದನ್ನು ಮಾತ್ರ ತೆಗೆದುಕೊಂಡಿರುತ್ತದೆ. ಹಾಗಾಗಿ ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೇ ಮುಂದೆ ಹೋಗಿ.

ಪುಸ್ತಕ ಇದೆ, ಬರಹ ಇಲ್ಲ

ಅಯ್ಯನವರದ್ದು ಇದೇ. ಜಾಸ್ತಿ ಜನರದ್ದೂ ಇದೇ.

ಇಂಥ ಕಡೆ ಬರಹ ಅಳಿಸಿರುವುದು ಅಪರೂಪ. ಪ್ರೋಗ್ರಾಂ ಬೇರೆ ಫೋಲ್ಡರನ್ನು ನೋಡುತ್ತಿರುತ್ತದೆ ಅಷ್ಟೆ. ಅಲ್ಲಿ ಏನೂ ಸಿಗದಿದ್ದಾಗ ತಾನೇ ಒಂದು ಖಾಲಿ ಟಿಪ್ಪಣಿ ಫೈಲ್ ಮಾಡಿಕೊಂಡು ಸುಮ್ನೆ ತೆರೆದುಕೊಳ್ಳುತ್ತದೆ. ತಪ್ಪಾಗಿದೆ ಎಂಬ ಸಂದೇಶ ಕೂಡ ಬರುವುದಿಲ್ಲ. ಅದಕ್ಕೇ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ.

ಇ-ಸೋರ್ಡ್ ತೆಗೆದುಕೊಳ್ಳೋಣ. 2000ದಿಂದ ಇರುವ ಉಚಿತ ಪ್ರೋಗ್ರಾಂ ಇದು, ವಿಂಡೋಸ್ ಬಳಸುವ ಬೋಧಕರಲ್ಲಿ ಬಹಳ ಬಳಕೆಯಲ್ಲಿದೆ. ಇದರ ಪುಸ್ತಕಗಳು ಪ್ರೋಗ್ರಾಂ ಫೈಲ್ಸ್ ಒಳಗಿನ ಇ-ಸೋರ್ಡ್ ಫೋಲ್ಡರಿನಲ್ಲಿ ಇರುತ್ತವೆ. ನಿಮ್ಮ ಬರಹ ಮಾತ್ರ ಡಾಕ್ಯುಮೆಂಟ್ಸ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರಿನಲ್ಲಿ ಇರುತ್ತದೆ. ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿದರೆ ಗುರುತು ಸಿಗುತ್ತದೆ. ಎನ್-ಒ-ಟಿ-ಎಕ್ಸ್ ಎಂದಿದ್ದರೆ ವಚನಗಳ ಟಿಪ್ಪಣಿ. ಟಿ-ಒ-ಪಿ-ಎಕ್ಸ್ ವಿಷಯವಾರು ಟಿಪ್ಪಣಿ. ಜೆ-ಎನ್-ಎಲ್-ಎಕ್ಸ್ ದಿನಚರಿ. ಒ-ವಿ-ಎಲ್-ಎಕ್ಸ್ ನೀವು ಹಚ್ಚಿದ ಬಣ್ಣ. ಬಿ-ಬಿ-ಎಲ್-ಎಕ್ಸ್ ಮತ್ತು ಸಿ-ಎಂ-ಟಿ-ಎಕ್ಸ್ ಅಂದರೆ ಬೈಬಲ್ ಮತ್ತು ವ್ಯಾಖ್ಯಾನ, ಅಂದರೆ ಪುಸ್ತಕಗಳು.

ಈಗ ಆ 'ಡಾಕ್ಯುಮೆಂಟ್ಸ್' ವಿಷಯ. ವಿಂಡೋಸ್‌ನಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ) ಬ್ಯಾಕಪ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಎಂಬ ಜಾಗವೇ ಒನ್‌ಡ್ರೈವ್ ಫೋಲ್ಡರಿನ ಒಳಗೆ ಹೋಗುತ್ತದೆ. ಆಗ ಒಂದೇ ಕಂಪ್ಯೂಟರಿನಲ್ಲಿ ಎರಡು ಡಾಕ್ಯುಮೆಂಟ್ಸ್ ಇರಬಹುದು. ಒಂದು ನಿಮ್ಮ ಹೆಸರಿನ ಫೋಲ್ಡರಿನಲ್ಲಿ, ಇನ್ನೊಂದು ಅದರೊಳಗಿನ ಒನ್‌ಡ್ರೈವ್‌ನಲ್ಲಿ. ನೀವು ಒಂದರಲ್ಲಿ ಫೈಲ್ ಅಂಟಿಸುತ್ತೀರಿ, ಪ್ರೋಗ್ರಾಂ ಇನ್ನೊಂದರಲ್ಲಿ ಹುಡುಕುತ್ತದೆ. ಅಯ್ಯನವರ ಲ್ಯಾಪ್‌ಟಾಪಿನಲ್ಲಿಯೂ ಡಾಕ್ಯುಮೆಂಟ್ಸ್ ಎರಡಿದ್ದವು. ಒಂದರಲ್ಲಿ ಅವರ ಟಿಪ್ಪಣಿ ಫೈಲು, ನಾಲ್ಕು ಎಂಬಿ. ಇನ್ನೊಂದರಲ್ಲಿ ಅದೇ ಹೆಸರಿನ ಫೈಲು, ಕೆಲವೇ ಕೆಬಿ, ಅಂದು ಸಂಜೆಯ ದಿನಾಂಕ.

ಗಾತ್ರ ಮತ್ತು ದಿನಾಂಕ, ಇವೆರಡನ್ನು ನೋಡಿದರೆ ಅರ್ಧ ಕೆಲಸ ಮುಗಿಯಿತು. ಒಂದೇ ಹೆಸರಿನ ಎರಡು ಫೈಲ್ ಇದ್ದಾಗ ದೊಡ್ಡದು ನಿಮ್ಮದು. ಚಿಕ್ಕದಾಗಿ, ಇವತ್ತಿನ ದಿನಾಂಕ ಹೊತ್ತಿರುವುದು ಪ್ರೋಗ್ರಾಂ ಈಗಷ್ಟೇ ಹುಟ್ಟಿಸಿದ ಖಾಲಿ ಫೈಲು. ಖಾಲಿಯದನ್ನು ಅಳಿಸದೆ ಹೆಸರು ಬದಲಿಸಿ ಪಕ್ಕಕ್ಕಿಡಿ. ದೊಡ್ಡದನ್ನು ಅದರ ಜಾಗಕ್ಕೆ ತಂದು ಹಾಕಿ. ಆಮೇಲೆ ಪ್ರೋಗ್ರಾಂ ತೆರೆಯಿರಿ.

ಫೈಲ್ ಹೆಸರಿನ ಪಕ್ಕ ಮೋಡದ ಚಿತ್ರ ಇದ್ದರೆ ಅದು ಇನ್ನೂ ನಿಮ್ಮ ಡಿಸ್ಕಿಗೆ ಇಳಿದಿಲ್ಲ ಎಂದರ್ಥ. ಆಗ ಮಾತ್ರ ವೈಫೈ ಹಾಕಿ, ಪ್ರೋಗ್ರಾಂ ಮುಚ್ಚಿಯೇ ಇಟ್ಟು, ಫೈಲ್ ಮೇಲೆ ಬಲಗಡೆ ಒತ್ತಿ ಸದಾ ಈ ಸಾಧನದಲ್ಲಿ ಇರಲಿ ಎಂಬ ಆಯ್ಕೆ ಕೊಡಿ. ಖಾಲಿ ಫೈಲೇ ನಿಮ್ಮ ಒಳ್ಳೆ ಫೈಲಿನ ಮೇಲೆ ಬಿದ್ದಿದ್ದರೂ ಒನ್‌ಡ್ರೈವ್‌ನ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗಬಹುದು. ಅಳಿಸಿದ ಫೈಲ್ ಅದರ ಕಸದ ಬುಟ್ಟಿಯಲ್ಲಿ ವೈಯಕ್ತಿಕ ಖಾತೆಯಾದರೆ 30 ದಿನ ಉಳಿಯುತ್ತದೆ. ದಿನ ಎಣಿಸುತ್ತಾ ಕೂರಬೇಡಿ, ಇವತ್ತೇ ನೋಡಿ.

ಇನ್ನೊಂದು ಅಡಗುತಾಣ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳೆ ಕಾಲದ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ಸ್ ಅನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ನೋಡುತ್ತವೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದಕ್ಕೆ ಅನುಮತಿ ಇಲ್ಲ. ಆದರೆ ವಿಂಡೋಸ್ ಬೈಯದೆ, ಆ ಫೈಲನ್ನು ಸದ್ದಿಲ್ಲದೆ 'ವರ್ಚುವಲ್‌ಸ್ಟೋರ್' ಎಂಬ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಪ್ರೋಗ್ರಾಂಗೆ ಅದು ತನ್ನ ಜಾಗದಲ್ಲೇ ಇದೆ ಎನಿಸುತ್ತದೆ. ನೀವು ಪ್ರೋಗ್ರಾಂ ಫೈಲ್ಸ್ ಪೂರ್ತಿ ಕಾಪಿ ಮಾಡಿದರೂ ಅದು ಬರುವುದಿಲ್ಲ. ಹಳೆ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಲೋಕಲ್‌ಆ್ಯಪ್‌ಡೇಟಾ ಎಂದು ಜಾಗ ಬಿಡದೆ ಟೈಪ್ ಮಾಡಿ. ಅದರ ಹಿಂದೆ ಮುಂದೆ ಪರ್ಸೆಂಟ್ ಚಿಹ್ನೆ ಇರಬೇಕು. ತೆರೆದ ಫೋಲ್ಡರಿನಲ್ಲಿ ವರ್ಚುವಲ್‌ಸ್ಟೋರ್ ಇದೆಯಾ ನೋಡಿ. ನಿಮ್ಮ ಪ್ರೋಗ್ರಾಂ ಹೆಸರು ಅದರೊಳಗಿದ್ದರೆ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ.

ಫೈಲ್ ಇದೆ, ಗಾತ್ರವೂ ಸರಿ, ಆದರೆ ತೆರೆಯುವುದಿಲ್ಲ

ಇ-ಸೋರ್ಡ್ 9ನೇ ಆವೃತ್ತಿಯಿಂದ ಈ ಫೈಲ್‌ಗಳು ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ರೂಪದಲ್ಲಿವೆ. ಫೋನಿನ ಎಷ್ಟೋ ಬೈಬಲ್ ಆ್ಯಪ್‌ಗಳೂ ಹಾಗೇ. 8ರವರೆಗಿನ ಫೈಲ್‌ಗಳ ಕೊನೆಯಲ್ಲಿ ಆ ಎಕ್ಸ್ ಅಕ್ಷರ ಇರುವುದಿಲ್ಲ, ಅವು ಹೊಸದರಲ್ಲಿ ನೇರವಾಗಿ ತೆರೆಯುವುದಿಲ್ಲ. ಹಳೆ ಸಿಡಿಯಲ್ಲಿ ಬರೆದಿಟ್ಟ ಬ್ಯಾಕಪ್ ಆಗಿದ್ದರೆ ಮೊದಲು ಇದನ್ನು ನೋಡಿ.

ಎಕ್ಸ್ ಇದ್ದೂ ತೆರೆಯದಿದ್ದರೆ ಪ್ರೋಗ್ರಾಂ ತೆರೆದಿರುವಾಗಲೇ ಕಾಪಿ ಮಾಡಿದ್ದೀರಾ ಎಂದು ನೆನಪಿಸಿಕೊಳ್ಳಿ. ಎಸ್‌ಕ್ಯೂಲೈಟ್ ಬರೆಯುವಾಗ ಪಕ್ಕದಲ್ಲಿ ಒಂದು ತಾತ್ಕಾಲಿಕ ಫೈಲ್ ಇಟ್ಟುಕೊಳ್ಳುತ್ತದೆ. ಹೆಸರಿನ ಕೊನೆಗೆ ಜರ್ನಲ್ ಅಥವಾ ವಾಲ್ ಎಂದು ಸೇರಿರುತ್ತದೆ. ಕೊನೆಯಲ್ಲಿ ಬರೆದದ್ದು ಅದರಲ್ಲೇ ಉಳಿದಿರಬಹುದು. ಮುಖ್ಯ ಫೈಲನ್ನು ಮಾತ್ರ ಎತ್ತಿಕೊಂಡು ಬಂದರೆ ಅರ್ಧ ವಾಕ್ಯ ಹರಿದು ತಂದ ಹಾಗೆ. ಹಳೆ ಕಂಪ್ಯೂಟರ್ ಇದ್ದರೆ ಅಲ್ಲಿ ಪ್ರೋಗ್ರಾಂ ಸರಿಯಾಗಿ ಮುಚ್ಚಿ, ಮತ್ತೆ ಕಾಪಿ ಮಾಡಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹಳೆಯದು ಇಲ್ಲದಿದ್ದರೆ 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್' ಎಂಬ ಉಚಿತ ಪ್ರೋಗ್ರಾಂನಲ್ಲಿ ಆ ಫೈಲಿನ ಒಂದು ಪ್ರತಿಯನ್ನು ತೆರೆಯಿರಿ. ಮೂಲವನ್ನಲ್ಲ, ಪ್ರತಿಯನ್ನು. ಅದರಲ್ಲಿ ಇಂಟೆಗ್ರಿಟಿ ಚೆಕ್ ಇದೆ. 'ಓಕೆ' ಎಂದು ಬಂದರೆ ಫೈಲ್ ಗಟ್ಟಿಯಾಗಿದೆ, ದೋಷ ಬೇರೆ ಕಡೆ ಇದೆ. ಬೇರೇನಾದರೂ ಬಂದರೂ ಟೇಬಲ್ ತೆರೆದು ನೋಡಿ. ಪ್ರೋಗ್ರಾಂ ಓದಲಾಗದ ಫೈಲಿನಿಂದಲೂ ಟಿಪ್ಪಣಿಗಳನ್ನು ಒಂದೊಂದಾಗಿ ಹೊರತೆಗೆಯಲು ಸಾಧ್ಯವಾಗಬಹುದು. ನಿಧಾನದ ಕೆಲಸ. ಆದರೆ ಒಬ್ಬರ ಇಪ್ಪತ್ತು ವರ್ಷದ ಓದು ಅದು, ಒಂದು ರಾತ್ರಿ ಕೂತರೆ ತಪ್ಪಿಲ್ಲ.

ಪುಸ್ತಕಗಳೇ ಕಾಣುವುದಿಲ್ಲ

ಲಿನಕ್ಸ್‌ನಲ್ಲಿ ಬೈಬಲ್‌ಟೈಮ್ ಅಥವಾ ಜೈಫೋಸ್ ಬಳಸುವವರಿಗೆ ಇದು ಜಾಸ್ತಿ ಆಗುತ್ತದೆ. ಇವೆರಡೂ ಕ್ರಾಸ್‌ವೈರ್ ಸಂಸ್ಥೆಯ ಸೋರ್ಡ್ ಪ್ರಾಜೆಕ್ಟ್ ಪುಸ್ತಕಗಳನ್ನೇ ಓದುತ್ತವೆ. ಪ್ರತಿ ಪುಸ್ತಕಕ್ಕೂ ಎರಡು ಭಾಗ. 'ಮಾಡ್ಯೂಲ್ಸ್' ಫೋಲ್ಡರಿನಲ್ಲಿ ಪಠ್ಯ. 'ಮಾಡ್ಸ್ ಡಾಟ್ ಡಿ' ಫೋಲ್ಡರಿನಲ್ಲಿ ಆ ಪುಸ್ತಕದ ಪರಿಚಯ ಚೀಟಿ. ಚೀಟಿ ಇಲ್ಲದಿದ್ದರೆ ಪಠ್ಯ ಎಷ್ಟೇ ಇದ್ದರೂ ಪ್ರೋಗ್ರಾಂಗೆ ಪುಸ್ತಕ ಕಾಣುವುದಿಲ್ಲ. ಕೀಲಿ ಹಾಕಿದ ಪುಸ್ತಕಗಳ ಕೀಲಿ ಸಂಖ್ಯೆ ಇರುವುದೂ ಆ ಚೀಟಿಯಲ್ಲೇ. ಗಾತ್ರ ದೊಡ್ಡದು ಎಂದು ಮಾಡ್ಯೂಲ್ಸ್ ಮಾತ್ರ ಕಾಪಿ ಮಾಡಿ, ಕೆಬಿ ಲೆಕ್ಕದ ಚೀಟಿಗಳನ್ನು ಬಿಟ್ಟುಬರುವುದನ್ನು ನೋಡಿದ್ದೇನೆ.

ಇನ್ನೊಂದು, ಇವೆಲ್ಲ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನಲ್ಲಿ ಅಡಗಿರುತ್ತವೆ. ಕಣ್ಣಿಗೆ ಕಂಡದ್ದನ್ನೆಲ್ಲ ಎಳೆದು ಹಾಕಿದರೆ ಇವು ಬರುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹೆಚ್ಚಿನ ಫೈಲ್ ಮ್ಯಾನೇಜರುಗಳಲ್ಲಿ ಅಡಗಿದ್ದು ಕಾಣುತ್ತದೆ. ಡಾಟ್ ಸೋರ್ಡ್ ಪುಸ್ತಕಗಳಿಗೆ, ಡಾಟ್ ಬೈಬಲ್‌ಟೈಮ್ ನಿಮ್ಮ ಬುಕ್‌ಮಾರ್ಕ್ ಮತ್ತು ಸೆಟ್ಟಿಂಗ್ಸ್‌ಗೆ. ಎರಡೂ ಬೇಕು.

ಜೋಡಣೆ ಮಾತ್ರ ಕಾಣೆ

ಇದನ್ನು ಹೇಳಿಕೊಂಡು ಬಂದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, "ಟಿಪ್ಪಣಿ ಬಂತಲ್ಲ, ಸೆಟ್ಟಿಂಗ್ಸ್ ತಾನೇ, ಮತ್ತೆ ಮಾಡ್ಕೊಳ್ಳಿ." ನಾನು ಇದನ್ನು ಒಪ್ಪುವುದಿಲ್ಲ. ಸಾವಿರ ಪುಸ್ತಕದ ಕಪಾಟಿನಲ್ಲಿ ರೋಮಾಪುರದ ಪತ್ರಕ್ಕೆ ಯಾವ ಆರು ವ್ಯಾಖ್ಯಾನ ಮೊದಲು ತೆರೆಯಬೇಕು ಎಂದು ತೀರ್ಮಾನಿಸಲು ಒಬ್ಬ ಓದುಗನಿಗೆ ವರ್ಷಗಳು ಬೇಕಾಗಿರುತ್ತವೆ. ಹಳದಿ ಅಂದರೆ ವಾಗ್ದಾನ, ಕೆಂಪು ಅಂದರೆ ಎಚ್ಚರಿಕೆ, ಹಸಿರು ಅಂದರೆ ಇನ್ನೂ ಅರ್ಥವಾಗಿಲ್ಲ ಎಂಬ ಒಪ್ಪಂದ ಅವರ ಓದಿನ ಬೆನ್ನೆಲುಬು. ಅದೂ ಬರಹವೇ ಅಲ್ವಾ?

ಲೋಗೋಸ್ ಬಳಸುವವರಾದರೆ ಕಲೆಕ್ಷನ್, ಟ್ಯಾಗ್, ನಕ್ಷತ್ರ ಕೊಟ್ಟ ಅಂಕ, ಪುಸ್ತಕಗಳ ಆದ್ಯತೆಯ ಕ್ರಮ, ಉಳಿಸಿಟ್ಟ ಲೇಔಟ್ ಇವೆಲ್ಲ ನಿಮ್ಮ ಖಾತೆಗೆ ಹೋಗಿ ಕೂರುತ್ತವೆ. ಹಾಗಾಗಿ ಇಲ್ಲಿ ಫೈಲ್ ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು, ಹಳೆಯದರಲ್ಲಿ ಇದ್ದ ಖಾತೆಯಿಂದಲೇ ಲಾಗಿನ್ ಆಗಿದ್ದೀರಾ? ಇಮೇಲ್ ಎರಡಿರುವವರು ಗೊತ್ತಿಲ್ಲದೆ ಹೊಸ ಖಾತೆ ತೆರೆದು ಖಾಲಿ ಲೈಬ್ರರಿ ನೋಡುತ್ತಾ ಕೂತಿರುತ್ತಾರೆ. ಎರಡು, ಪ್ರೋಗ್ರಾಂ ಸೆಟ್ಟಿಂಗ್ಸ್‌ನಲ್ಲಿ 'ಯೂಸ್ ಇಂಟರ್ನೆಟ್' ಎಂಬುದು 'ನೋ' ಆಗಿದೆಯಾ? ಡೇಟಾ ಉಳಿಸಲೆಂದು ಹಳೆ ಕಂಪ್ಯೂಟರಿನಲ್ಲಿ ಹಾಗಿಟ್ಟಿದ್ದರೆ ಅಂದಿನಿಂದ ಮಾಡಿದ ಜೋಡಣೆ ಯಾವುದೂ ಮೇಲೆ ಹೋಗಿಲ್ಲ. ಹಳೆ ಯಂತ್ರದಲ್ಲೇ ಅದನ್ನು 'ಯೆಸ್' ಮಾಡಿ, ಕಮಾಂಡ್ ಬಾಕ್ಸಿನಲ್ಲಿ 'ಸಿಂಕ್ ನೌ' ಕೊಟ್ಟು, ಮುಗಿಯುವವರೆಗೆ ಕಾಯಿರಿ. ಆಮೇಲೆ ಹೊಸದನ್ನು ತೆರೆಯಿರಿ.

ಪುಸ್ತಕ ಇದೆ, ಗುಂಪೂ ಇದೆ, ಹುಡುಕಿದರೆ ಮಾತ್ರ ಫಲಿತಾಂಶ ಬರುತ್ತಿಲ್ಲ ಎಂದರೆ ಅದು ಬ್ಯಾಕಪ್ ದೋಷವೇ ಅಲ್ಲ. ಹುಡುಕಲು ಬಳಸುವ ಪದಸೂಚಿ, ಅಂದರೆ ಇಂಡೆಕ್ಸ್, ಇನ್ನೂ ತಯಾರಾಗುತ್ತಿದೆ. ದೊಡ್ಡ ಲೈಬ್ರರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಹಾಕಿ ರಾತ್ರಿ ಬಿಡಿ.

ಆ್ಯಂಡ್ರಾಯ್ಡ್ ಫೋನಿನ ಆ್ಯಂಡ್‌ಬೈಬಲ್‌ನಲ್ಲಿ ಬ್ಯಾಕಪ್ ಎರಡು ಪಾಲು. ಒಂದು ಡೇಟಾಬೇಸ್. ಇನ್ನೊಂದು ಪುಸ್ತಕಗಳು. ಬುಕ್‌ಮಾರ್ಕ್, ಬಣ್ಣದ ಲೇಬಲ್, ಸ್ಟಡಿ ಪ್ಯಾಡ್, ಕಿಟಕಿಗಳ ಜೋಡಣೆ ಇಟ್ಟ ವರ್ಕ್‌ಸ್ಪೇಸ್ ಎಲ್ಲ ಡೇಟಾಬೇಸಿನಲ್ಲಿ ಬರುತ್ತವೆ. ಹೊಸ ಫೋನಿಗೆ ಮೊದಲು ಪುಸ್ತಕಗಳನ್ನು ತನ್ನಿ, ಆಮೇಲೆ ಡೇಟಾಬೇಸ್. ವರ್ಕ್‌ಸ್ಪೇಸ್ ಕೇಳುವ ಪುಸ್ತಕ ಅಲ್ಲಿ ಇರಬೇಕಲ್ಲ.

ಜೋಡಣೆಯನ್ನು ಹೊರತೆಗೆಯುವ ದಾರಿಯೇ ಇಲ್ಲದ ಪ್ರೋಗ್ರಾಂಗಳೂ ಇವೆ. ಅಂಥ ಕಡೆ ನಾನು ಮಾಡುವುದು ತೀರಾ ಸರಳ. ಪುಸ್ತಕಗಳ ಗುಂಪು, ಟ್ಯಾಬ್‌ಗಳ ಸಾಲು, ಬಣ್ಣಗಳ ಪಟ್ಟಿ, ಸೆಟ್ಟಿಂಗ್ಸ್‌ನ ಪ್ರತಿ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಟಿಪ್ಪಣಿ ಫೈಲ್ ಇರುವ ಫೋಲ್ಡರಿನಲ್ಲೇ ಇಡುತ್ತೇನೆ. ಬಣ್ಣದ ಅರ್ಥಗಳನ್ನು ಒಂದು ಟಿಪ್ಪಣಿಯಾಗಿ ಆದಿಕಾಂಡ 1:1ಕ್ಕೆ ಬರೆದಿಡಿ. ಎಲ್ಲಿ ಹುಡುಕಬೇಕೆಂದು ಮರೆಯುವುದಿಲ್ಲ.

ಟಿಪ್ಪಣಿ ಬಂತು, ಕನ್ನಡ ಹೋಯಿತು

ಇದು ನಮ್ಮವರಿಗೇ ಬರುವ ತೊಂದರೆ. ತೆರೆದರೆ ಕನ್ನಡದ ಬದಲು ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ! ಯೂನಿಕೋಡ್ ಬಳಕೆಗೆ ಬರುವ ಮುಂಚೆ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಅದು. ಒಳಗಿರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೆ. ಹಳೆಯದರ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್ ತಂದು ಹಾಕಿದರೆ ಅಕ್ಷರ ಮರಳುತ್ತದೆ. ಆಮೇಲೆ ಸಮಯ ಮಾಡಿಕೊಂಡು ಯೂನಿಕೋಡಿಗೆ ಪರಿವರ್ತಿಸಿ. ಇಲ್ಲದಿದ್ದರೆ ಪ್ರೋಗ್ರಾಂನ ಹುಡುಕುವ ಪೆಟ್ಟಿಗೆಯಲ್ಲಿ 'ಕೃಪೆ' ಎಂದು ಬರೆದರೆ ಆ ಟಿಪ್ಪಣಿ ಎಂದಿಗೂ ಸಿಗುವುದಿಲ್ಲ.

ಬಣ್ಣ ಒಂದೆರಡು ವಚನ ಸರಿದಿದೆ

ಪ್ರೋಗ್ರಾಂ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ವಚನದ ಸಂಖ್ಯೆಯನ್ನು, ಅದರ ಮಾತುಗಳನ್ನಲ್ಲ. ಕೀರ್ತನೆ 51 ನೋಡಿ. ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದದಲ್ಲಿ ಅದಕ್ಕೆ 19 ವಚನ. ಇಬ್ರಿಯ ಎಣಿಕೆಯಲ್ಲಿ ತಲೆಬರಹವೂ ಸೇರಿ 21. ಮಲಾಕಿಯ ಗ್ರಂಥಕ್ಕೆ ಒಂದರಲ್ಲಿ ನಾಲ್ಕು ಅಧ್ಯಾಯ, ಇನ್ನೊಂದರಲ್ಲಿ ಮೂರು. ಒಂದು ಎಣಿಕೆಯಲ್ಲಿ ಹಚ್ಚಿದ ಬಣ್ಣವನ್ನು ಇನ್ನೊಂದು ಎಣಿಕೆಯ ಬೈಬಲಿನ ಮೇಲೆ ತೆರೆದರೆ ಸರಿದಂತೆ ಕಾಣಬಹುದು. ಮೊದಲು ಬಳಸುತ್ತಿದ್ದ ಅನುವಾದವನ್ನೇ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ಬ್ಯಾಕಪ್ ಕ್ಷೇಮ. ಹಾಗೇ, ಮಕ್ಕಬಿಯರ ಗ್ರಂಥದ ಮೇಲೆ ಬರೆದ ಟಿಪ್ಪಣಿ 66 ಗ್ರಂಥಗಳ ಬೈಬಲ್ ತೆರೆದಿದ್ದರೆ ಎಲ್ಲಿ ಕಾಣಬೇಕು?

ಬ್ಯಾಕಪ್ ಸರಿ ಇದೆಯೆಂದು ಹೇಗೆ ತಿಳಿಯುವುದು

ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡದ ಬ್ಯಾಕಪನ್ನು ನಾನು ನಂಬುವುದಿಲ್ಲ. ಮಕ್ಕಳ ಹಳೆ ಲ್ಯಾಪ್‌ಟಾಪ್ ಆದರೂ ಸಾಕು. ಪರೀಕ್ಷೆಗೆ ಮೂರು ಗುರುತು ಇಟ್ಟುಕೊಳ್ಳಿ. ರೋಮಾ 8:28ರ ಮೇಲೆ ಒಂದು ಟಿಪ್ಪಣಿ. ಕೀರ್ತನೆ 23:1ಕ್ಕೆ ಒಂದು ಬಣ್ಣ. 'ಪರೀಕ್ಷೆ' ಎಂಬ ಹೆಸರಿನ ಒಂದು ಪುಸ್ತಕ ಗುಂಪು. ಬ್ಯಾಕಪ್ ಮಾಡಿ, ಅಲ್ಲಿ ರಿಸ್ಟೋರ್ ಮಾಡಿ, ಮೂರೂ ಬಂದವಾ ನೋಡಿ. ಮೂರನೆಯದು ಬರದಿದ್ದರೆ ನಿಮ್ಮ ಪ್ರೋಗ್ರಾಂನ ಬ್ಯಾಕಪ್ ಜೋಡಣೆಯನ್ನು ಬಿಟ್ಟುಹೋಗುತ್ತದೆ ಎಂದು ಈಗಲೇ ಗೊತ್ತಾಯಿತು.

ಫೋಲ್ಡರಿಗೆ ದಿನಾಂಕದ ಹೆಸರು ಕೊಡಿ, ವರ್ಷ ಮೊದಲು. ಹಳೆಯದರ ಮೇಲೆ ಹೊಸದನ್ನು ಬರೆಯಬೇಡಿ, ಕನಿಷ್ಠ ಮೂರು ಇರಲಿ. ಖಾಲಿ ಫೈಲನ್ನೇ ನಂಬಿಕೆಯಿಂದ ಬ್ಯಾಕಪ್ ಮಾಡಿಟ್ಟರೂ ಹಿಂದಿನದು ಉಳಿದಿರುತ್ತದೆ. ಒಂದು ಪ್ರತಿ ಮನೆಯ ಹೊರಗೆ ಇರಲಿ.

ಅಯ್ಯನವರ ಮನೆಯಲ್ಲಿ ಅಂದು ರಾತ್ರಿ ಫೈಲ್ ಜಾಗಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಟಿಪ್ಪಣಿಯಷ್ಟೇ ಬಂದಿತ್ತು, ಬಣ್ಣದ ಫೈಲ್ ಹಳೆ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಅದನ್ನು ಸೋಮವಾರ ತಂದೆವು. ಅವರು ರೋಮಾಪುರದ ಪತ್ರದ ಎಂಟನೇ ಅಧ್ಯಾಯ ತೆರೆದು, ತಮ್ಮದೇ ಸಾಲುಗಳನ್ನು ಮೆಲ್ಲಗೆ ಓದುತ್ತಾ ಕೂತರು. ನಾನು ಅಡಿಗೆಮನೆಯಲ್ಲಿ ಅಮ್ಮನವರ ಜೊತೆ ಟೀ ಕುಡಿದು, ಪೆನ್‌ಡ್ರೈವಿನ ಮೇಲೆ ಅಂದಿನ ದಿನಾಂಕ ಬರೆದು ಅವರ ಮೇಜಿನ ಮೇಲಿಟ್ಟು ಬಂದೆ.